ರೊಟ್ಟಿ ಮನೆಯ ತಹಶೀಲ್ದಾರ

ಕುರ್ಡಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ನನಗೆ ಸಿಕ್ಕ ಹೊಸ ನೌಕರಿಯೆಂದರೆ ಪಕ್ಕದ ರೊಟ್ಟಿ ಮನೆಯಲ್ಲಿ ಕಥೆ ಓದುವುದು. ಅಲ್ಲಿ ಓಣಿಯ ಹೆಂಗಸರು ಸೇರಿ ರಾಯಚೂರಿನ ಖಾನಾವಳಿಗಳಿಗೆ ಖಡಕ್ ರೊಟ್ಟಿ ಮಾಡಿ ಕಳಿಸುತ್ತಾರೆ. ಯಾರೋ ಒಬ್ಬಾಕೆ ಮೊಬೈಲಿನಲ್ಲಿ ದಿನಕ್ಕೊಂದು ಕಂತಿನಂತೆ ಬರೆಯುವ ಕಾದಂಬರಿಯ ಹುಚ್ಚು ಎಲ್ಲರಿಗೂ ಇದೆ. ಆದರೆ ಎರಡೂ ಕೈ ಹಿಟ್ಟಿನಲ್ಲಿರುವಾಗ ಮೊಬೈಲು ಹಿಡಿಯುವುದು ಹೇಗೆ? ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. ರೊಟ್ಟಿ ಬಡಿಯುವ ಸದ್ದು ಎಂದಿನಂತಿದ್ದರೆ ಕಥೆ ಸಪ್ಪೆ, ಸದ್ದು ನಿಂತರೆ ರುಚಿ ಹತ್ತಿದೆ, ಹಂಚಿನಿಂದ ಸೀದ ವಾಸನೆ ಬಂತೆಂದರೆ ನಾಯಕ ಬಂದಿದ್ದಾನೆ. ಇಷ್ಟನ್ನು ನಾನು ಬೇಗನೆ ಕಲಿತೆ.

ಆ ನಾಯಕ ಒಬ್ಬ ತಹಶೀಲ್ದಾರ. ಎತ್ತರದ ಆಳು, ಮಡಿಸಿದ ತೋಳು, ಕಡಿಮೆ ಮಾತು. ಊರಿಗೆ ನೀರಿಲ್ಲವೆಂದರೆ ಒಂದು ಫೋನು, ಪುಂಡರ ಕಾಟವೆಂದರೆ ಇನ್ನೊಂದು ಫೋನು. ಕಾಲೇಜು ಓದುವ ಬಡವರ ಮನೆಯ ನಾಯಕಿ ಅವನ ಕಚೇರಿಗೆ ನುಗ್ಗಿ ಮೇಜು ಗುದ್ದಿ ನ್ಯಾಯ ಕೇಳಿದ್ದರಿಂದಲೇ ಅವರ ಪ್ರೀತಿ ಶುರುವಾದದ್ದು. ದೇವದುರ್ಗದಲ್ಲಿ ಉಪನ್ಯಾಸಕನಾಗಿರುವ ನನ್ನ ತಮ್ಮ ಒಮ್ಮೆ ಬಂದವನು ಅರ್ಧ ಕಂತು ಕೇಳಿ ಮೂಗು ಮುರಿದ. "ಅಕ್ಕಾ, ಇಂಥಾ ಕಥಿ ಓದೇ ನಮ್ಮ ಮಂದಿ ಯಾರರ ಬಂದು ಉದ್ಧಾರ ಮಾಡ್ತಾರ ಅಂತ ಕಾಯಾಕತ್ತಾರ" ಎಂದ. ನನಗೆ ಮೈ ಉರಿಯಿತು. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲವೆನ್ನಿಸಿ ಇನ್ನಷ್ಟು ಉರಿಯಿತು.

ಆಗ ರೊಟ್ಟಿ ಮನೆಯಲ್ಲಿ ಒಂದು ಚಿಂತೆ ಬೇರೆ ಇತ್ತು. ಅಲ್ಲಿ ಎಲ್ಲರಿಗಿಂತ ತೆಳ್ಳಗೆ ರೊಟ್ಟಿ ಬಡಿಯುವಾಕೆ ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ನಮ್ಮೊಡನೆ ನಮ್ಮ ಕನ್ನಡ. ಅವಳ ಮಗಳು ರಾಯಚೂರಿನಲ್ಲಿ ಡಿಗ್ರಿಗೆ ಸೇರಿದ್ದಳು. ಬೆಳಗಿನ ಬಸ್ಸು ತುಂಬಿ ತುಳುಕುತ್ತಾ ಬಂದು ನಮ್ಮ ಕ್ರಾಸಿನಲ್ಲಿ ನಿಲ್ಲದೆ ಹೋಗುತ್ತಿತ್ತು. ಹುಡುಗಿ ಕೈ ಬೀಸಿ, ಧೂಳು ಕುಡಿದು ಮನೆಗೆ ಬರುತ್ತಿದ್ದಳು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜಿನವರು ಹೇಳಿದ್ದರು. ಮಾನ್ವಿಯ ಬಜಾರಿನಲ್ಲಿ ಬಳೆ ಮಾರುವ ಅವಳ ತಂದೆ, "ಸಾಕಿನ್ನ, ಮನಿಯಾಗ ಇರ್ಲಿ" ಎಂದುಬಿಟ್ಟಿದ್ದ.

ಒಂದು ದಿನ ನಾನು ಓದುತ್ತಿರುವಾಗಲೇ ಆ ತಾಯಿ ಹಿಟ್ಟಿನ ಉಂಡೆ ಕೆಳಗಿಟ್ಟಳು.

"ಅಕ್ಕೋರ, ತಹಶೀಲ್ದಾರ್ ಸಾಹೇಬ್ರ ಹತ್ರ ಹೋಗೂಣು ನಡೀರಿ."

"ಬಸ್ ಅವರ ಕೈಯಾಗ ಇರೂದಿಲ್ಲ ಯವ್ವಾ. ಡಿಪೋದಾಗ ಕೇಳಬೇಕು" ಎಂದೆ.

"ನಿನ್ನಿ ನೀವ ಓದಿದ್ರೆಲ್ಲರೀ, ಅವರು ಒಂದು ಫೋನ್ ಮಾಡಿದ್ರ ಎಲ್ಲಾ ಆಗ್ತದ ಅಂತ!"

ನಾನೇ ಗಂಟಲು ಏರಿಸಿ ಓದಿದ್ದನ್ನು ನಾನೇ ಹೇಗೆ ಅಲ್ಲಗಳೆಯಲಿ? ಮರುದಿನ ರೊಟ್ಟಿ ಮನೆಗೆ ಬೀಗ ಹಾಕಿ ಎಲ್ಲರೂ ಮಾನ್ವಿಯ ತಹಶೀಲ್ದಾರ ಕಚೇರಿಗೆ ಹೋದೆವು.

ಅಲ್ಲಿ ಕುರ್ಚಿಯಲ್ಲಿದ್ದ ತಹಶೀಲ್ದಾರರು ಕುಳ್ಳಗಿದ್ದರು, ನೆಗಡಿಯಾಗಿ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. "ಇವರೇ ಏನು?" ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದರು. ನನಗೆ ನಗು ತಡೆಯುವುದೇ ಕಷ್ಟವಾಯಿತು. ಅವರು ಎಲ್ಲ ಕೇಳಿ, "ಯವ್ವಾ, ಬಸ್ಸಿಗೂ ನನಗೂ ಏನ್ ಸಂಬಂಧ? ಡಿಪೋಕ್ಕ ಹೋಗ್ರಿ" ಎಂದರು. ಕಥೆಯ ಪ್ರಕಾರ ಇಲ್ಲಿ ಮೇಜು ಗುದ್ದಬೇಕು. ಹುಡುಗಿಯ ತಾಯಿ ಗುದ್ದಿಯೇಬಿಟ್ಟಳು. ಬಸಿಯಲ್ಲಿದ್ದ ಚಹಾ ಚೆಲ್ಲಿತು. ಆ ಸದ್ದಿಗೆ ಅವಳೇ ಬೆಚ್ಚಿದಳು.

"ಸಂಬಂಧ ಇಲ್ಲಂದ್ರ ಇರ್ಲಿ ಬಿಡ್ರಿ ಸಾಹೇಬ್ರ. ಫೋನ್ ಅದ ಅಲ್ರಿ? ಒಂದು ಮಾತು ಹೇಳ್ರಿ. ನನ್ನ ಮಗಳ ಪರೀಕ್ಷಾ ಹೋಗ್ತದ."

ಅವರು ಅವಳ ಮುಖವನ್ನೊಮ್ಮೆ ನೋಡಿದರು. ಮೂಗು ಒರೆಸಿಕೊಂಡು ನಕ್ಕು, ಡಿಪೋಗೆ ಫೋನು ಹಚ್ಚಿ ಒಳ್ಳೆಯ ಮಾತಿನಲ್ಲೇ ಹೇಳಿದರು. ನೋಡುತ್ತೇವೆ ಎಂದು ಆ ಕಡೆಯಿಂದ ಉತ್ತರ ಬಂತು. ಹೆಂಗಸರು ಗೆದ್ದೆವೆಂದುಕೊಂಡು ದಾರಿಯುದ್ದಕ್ಕೂ ನಗುತ್ತಾ ಬಂದರು.

ಮರುದಿನವೂ ಬಸ್ಸು ನಿಲ್ಲಲಿಲ್ಲ.

ಕಥೆಯಲ್ಲಿ ಇದರ ಮುಂದಿನ ದಾರಿ ಇರಲಿಲ್ಲ. ಅಲ್ಲಿ ಫೋನು ಮಾಡಿದರೆ ಮುಗಿಯಿತು. ಇನ್ನು ಇವರು ಕೈಚೆಲ್ಲುತ್ತಾರೆ, ತಮ್ಮನ ಮಾತೇ ನಿಜವಾಗುತ್ತದೆ ಎಂದು ನನಗೆ ಬಹಳ ಸಂಕಟವಾಯಿತು. ಆದರೆ ಒಮ್ಮೆ ಸರಕಾರಿ ಮೇಜು ಗುದ್ದಿ ಬಂದವರಿಗೆ ಭಯ ಅರ್ಧ ಹೋಗಿತ್ತು. ಅದರ ಮರುದಿನ ಬೆಳಿಗ್ಗೆ ಎಲ್ಲರೂ ಕ್ರಾಸಿಗೆ ಬಂದು ರಸ್ತೆಗೆ ಅಡ್ಡ ನಿಂತರು. ನಾನೂ ನಿಂತೆ. ಡ್ರೈವರ್ ಬೈದ, ಒಳಗಿದ್ದವರೂ ಬೈದರು, ಹುಡುಗಿ ಹೇಗೋ ನುಗ್ಗಿ ಹತ್ತಿದಳು. ದಿನಾ ಹಾಗೆ ನಿಂತೆವು, ಡಿಪೋಗೂ ಹೋಗಿ ಬಂದೆವು. ಕೊನೆಗೆ ಡಿಪೋದವರು ಬೇಸತ್ತೋ ಮನಸ್ಸು ಕರಗಿಯೋ, ಬೆಳಗಿನ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲಲೇಬೇಕೆಂದು ಆದೇಶ ಮಾಡಿದರು. ಈಗ ಮಗಳನ್ನು ಕ್ರಾಸಿಗೆ ಬಿಟ್ಟು ಬರುವವನು ಆ ತಂದೆಯೇ.

ಕಾದಂಬರಿಯೂ ಮುಗಿಯುತ್ತಾ ಬಂತು. ತಹಶೀಲ್ದಾರನಿಗೂ ನಾಯಕಿಗೂ ಮದುವೆಯಾಯಿತು. ಆಕೆಯ ಕೊನೆಯ ಪರೀಕ್ಷೆಯ ದಿನ ಅವನು, "ನಿನಗೇಕೆ ಈ ಕಷ್ಟ, ನಾನಿದ್ದೇನಲ್ಲ" ಎನ್ನುತ್ತಾನೆ. ಆಕೆ ನಾಚಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕುತ್ತಾಳೆ. ನಾನು ಓದಿ ತಲೆ ಎತ್ತಿದೆ. ಯಾರೂ ನಿಟ್ಟುಸಿರು ಬಿಡಲಿಲ್ಲ. ರೊಟ್ಟಿ ಬಡಿತ ಮಾತ್ರ ಕಿವಿ ಒಡೆಯುವಷ್ಟು ಜೋರಾಯಿತು.

"ಬಂದ್ ಮಾಡ್ರಿ ಅಕ್ಕೋರ" ಎಂದಳು ಹುಡುಗಿಯ ತಾಯಿ. "ಕಥಿ ಓದಿದವರು ಅದರ ಕೆಳಗ ಏನರ ಬರೀಬೋದು ಅಂತ ಒಮ್ಮೆ ಅಂದಿದ್ರೆಲ್ಲ, ನಾ ಹೇಳ್ತೀನಿ, ನೀವು ಬರೀರಿ."

ಕಂತಿನ ಕೆಳಗೆ ಓದುಗರ ಅಭಿಪ್ರಾಯಕ್ಕೆ ಜಾಗವಿತ್ತು. ಅವಳು ಹಿಟ್ಟು ನಾದುತ್ತಲೇ ಹೇಳಿದಳು, ನಾನು ಒಂದಕ್ಷರ ತಿದ್ದದೆ ಬರೆದೆ:

"ಯವ್ವಾ, ಕಥಿ ಛಲೋ ಬರೀತಿ. ಆದ್ರ ಆ ಹುಡುಗೀನ ಪರೀಕ್ಷಾಕ್ಕ ಕಳಸು. ಬಸ್ ನಿಲ್ಲಂಗಿಲ್ಲಂದ್ರ ನಮಗ ಹೇಳು, ನಾವು ಬಂದು ನಿಂದರ್ತೀವಿ."