ಕೆರೆಯದೆ ಉಳಿದ ಹಲಗೆ

ಊರಿನಲ್ಲಿ ನೆಟ್ಟಗಿನ ಗೆರೆಗಳು ಎರಡೇ ಎನ್ನುತ್ತಿದ್ದರು: ಒಂದು ದೂರದ ದಿಗಂತ, ಇನ್ನೊಂದು ಬೋರ್ಡಪ್ಪ ಕುಂಚದಲ್ಲಿ ಎಳೆದದ್ದು. ದಿಗಂತ ಎಡಗಡೆಗೆ ಕೂದಲೆಳೆಯಷ್ಟು ಇಳಿದಿದೆ ಎಂಬುದು ಬೋರ್ಡಪ್ಪನ ತಕರಾರು. ಮೂವತ್ತೆಂಟು ವರ್ಷ ನಗರಸಭೆಗೆ ಬೀದಿಗಳ ಹೆಸರು ಬರೆದವನು ಅವನು.

ದೇಶದ ವಿಷಯದಲ್ಲಂತೂ ಅವನ ಗೆರೆ ಇನ್ನೂ ನೆಟ್ಟಗೆ. ರೇಡಿಯೋದಲ್ಲಿ ರಾಷ್ಟ್ರಗೀತೆ ಬಂದರೆ ಕ್ಷೌರದ ಕುರ್ಚಿಯಿಂದಲೂ ಸೆಟೆದು ಎದ್ದು ನಿಲ್ಲುತ್ತಿದ್ದ. ಹಾಗೆ ಎದ್ದ ರಭಸಕ್ಕೆ ಒಮ್ಮೆ ಅರ್ಧ ಮೀಸೆಯೇ ಹೋಯಿತು. ಸರ್ಕಾರ ಯಾರದೇ ಇರಲಿ, ಆಜ್ಞೆ ಎಂದರೆ ಆಜ್ಞೆ, ಎಲ್ಲರೂ ತಮ್ಮ ತಮ್ಮ ಮೂಗಿನ ನೇರಕ್ಕೆ ನಡೆದರೆ ದೇಶ ಉಳಿಯುವುದಿಲ್ಲ ಎಂದು ಕಾಫಿ ಅಂಗಡಿಯಲ್ಲಿ ಅವನು ಭಾಷಣಕ್ಕೆ ನಿಂತರೆ ಗೋಡೆಯ ಗಡಿಯಾರವೂ ನಿಂತು ಕೇಳುತ್ತಿತ್ತಂತೆ.

ಹೊಸ ಆಡಳಿತ ಬಂದ ಮೂರನೇ ತಿಂಗಳು ಅವನ ಕೈಗೆ ಒಂದು ಆದೇಶ ಬಂತು. ಹೆಸರುಗಳಿಂದ ಜಗಳ ಹುಟ್ಟುತ್ತದೆ, ಒಬ್ಬರು ಮೆಚ್ಚಿದ್ದು ಇನ್ನೊಬ್ಬರಿಗೆ ನೋವಾಗುತ್ತದೆ. ಆದ್ದರಿಂದ ನಲವತ್ತಾರು ಬೀದಿಗಳಿಗೂ ಇನ್ನು ಮುಂದೆ ಸಂಖ್ಯೆ ಮಾತ್ರ. ಹಳೆಯ ಬಣ್ಣದ ಮೇಲೆ ಹೊಸದು ಬಳಿಯುವಂತಿಲ್ಲ, ತಗಡು ಕಾಣುವ ತನಕ ಕೆರೆಯಬೇಕು. ಇದನ್ನು ಬರೆಸಿದವನಿಗೆ ಕಸುಬು ಗೊತ್ತಿತ್ತು. ಬರಿದೇ ಮೇಲೆ ಬಳಿದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹಳೆಯ ಅಕ್ಷರ ಮತ್ತೆ ಮೂಡಿಬಿಡುತ್ತದೆ.

ನಲವತ್ತಾರನೆಯದು ಅವನ ಅಣ್ಣನ ಬೀದಿ. ಗಡಿಯಲ್ಲಿ ಸತ್ತ ಅಣ್ಣನ ಹೆಸರೇ ಬೋರ್ಡಪ್ಪ ಬರೆದ ಮೊಟ್ಟಮೊದಲ ಹಲಗೆ. ಹೆಣ ಊರಿಗೆ ಬರಲೇ ಇಲ್ಲ. ಗಂಡನದೆಂದು ಅತ್ತಿಗೆಗೆ ಉಳಿದದ್ದು ಕಿಟಕಿಯಿಂದ ಕಾಣುವ ಆ ತಗಡೊಂದೇ.

ಆಜ್ಞೆ ಎಂದರೆ ಆಜ್ಞೆ. ಬೋರ್ಡಪ್ಪ ಹಲ್ಲು ಕಚ್ಚಿಕೊಂಡು ಮೊದಲ ಬೀದಿಯಿಂದ ಕೆರೆಯುತ್ತಾ ಬಂದ. ಶಾಲೆ ಕಟ್ಟಿಸಿದ ಮೇಷ್ಟರು ಹೋದರು, ಬಾವಿ ತೋಡಿಸಿದ ಅಜ್ಜಿ ಹೋದಳು. ಬಣ್ಣದ ಪುಡಿ ಮೂಗಿಗೇರಿ ಅವನು ಸೀನಿದರೆ ಮೂರು ಬೀದಿಯ ಕಿಟಕಿಗಾಜು ನಡುಗುತ್ತಿತ್ತು. ಆದರೂ ಯಾರೊಬ್ಬರೂ ಹೊರಗೆ ಬಂದು ಇದೇನೆಂದು ಕೇಳಲಿಲ್ಲ. ಪರದೆ ಸರಿಯುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಜಗಳವೇನೋ ನಿಂತಿತು. ಅದರ ಜೊತೆಗೆ ಮಾತೂ ನಿಂತಿತು.

ಶನಿವಾರ ಅತ್ತಿಗೆಯ ಅಡುಗೆಮನೆಯಲ್ಲಿ ಕೂತು ಸೋಮವಾರ ನಿಮ್ಮ ಬೀದಿ ಎಂದ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನಿಮ್ಮಣ್ಣನೂ ಆಜ್ಞೆ ಅಂತಾನೇ ಹೋದದ್ದು. ಆದ್ರೆ ಅವರಿಗೆ ಎದುರಿಗಿರೋ ಶತ್ರು ಯಾರು ಅಂತ ಗೊತ್ತಿತ್ತು ಕಣೋ."

ಸೋಮವಾರ ಬೋರ್ಡಪ್ಪ ಕೆರೆಯುವ ಉಳಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟ. ಅಧಿಕಾರಿ ಚಿಕ್ಕ ವಯಸ್ಸಿನವನು, ಅಂಗಿಯ ಜೊತೆಗೆ ದನಿಯನ್ನೂ ಇಸ್ತ್ರಿ ಮಾಡಿಸಿಕೊಂಡು ಬಂದವನಂತಿದ್ದ.

"ನಲವತ್ತೈದು ಆಯ್ತು ಸಾರ್. ಇನ್ನೊಂದು ನನ್ನ ಕೈಲಾಗಲ್ಲ. ಏನು ಕ್ರಮ ತಗೋತೀರೋ ತಗೊಳ್ಳಿ."

"ಕ್ರಮ ಯಾಕೆ ಯಜಮಾನ್ರೆ? ಅದು ಹಾಗೇ ಇರಲಿ. ಅದರ ಕೆಳಗೆ ಯಾರ್ಯಾರು ಓಡಾಡ್ತಾರೆ ಅಂತ ನಾವೂ ನೋಡೋಣ."

ಗೆದ್ದೆನೆಂದು ಮೆಟ್ಟಿಲಿಳಿದ ಬೋರ್ಡಪ್ಪನಿಗೆ ಕೊನೆಯ ಮೆಟ್ಟಿಲಿನಲ್ಲಿ ಆ ಮಾತಿನ ಅರ್ಥ ಹೊಳೆಯಿತು.

ಮಂಗಳವಾರ ಹಲಗೆಯ ಎದುರಿನ ಕಟ್ಟೆಯ ಮೇಲೆ ಒಬ್ಬ ಪುಸ್ತಕ, ಪೆನ್ನು ಹಿಡಿದು ಕೂತ. ಗುರುವಾರದ ಹೊತ್ತಿಗೆ ಬೀದಿಯವರೆಲ್ಲ ಹಿಂದಿನ ಚರಂಡಿ ಓಣಿಯಲ್ಲಿ ಮೂಗು ಮುಚ್ಚಿಕೊಂಡು ನಡೆಯತೊಡಗಿದರು. ಹಾಲಿನವನು ಹಾಲನ್ನು ತಿರುವಿನಲ್ಲೇ ಇಟ್ಟು ಹೋದ. ಅಣ್ಣನ ಜೊತೆ ಓದಿದ ಪಕ್ಕದ ಮನೆಯವನು, ಮಕ್ಕಳಿರುವ ಮನೆ ನಮ್ಮದು, ತಪ್ಪು ತಿಳಿಯಬೇಡಿ ಎಂದು ಕಾಂಪೌಂಡಿನ ಮೇಲಿಂದ ಪಿಸುಗುಟ್ಟಿ ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಹಲಗೆಯ ಕೆಳಗೇ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಾ ಕೂತಳು. ಪುಸ್ತಕದವನು ಎದ್ದು ಬಂದು, ಎಷ್ಟು ಹೊತ್ತಿನಿಂದ ಕೂತಿದ್ದೀರಿ ಎಂದು ಕೇಳಿದ.

"ಮೂವತ್ತೆಂಟು ವರ್ಷದಿಂದ ಕಣಪ್ಪ. ಬರ್ಕೋ."

ಅವನು ನಗಲಿಲ್ಲ, ಬರೆದುಕೊಂಡ. ಬೋರ್ಡಪ್ಪ ಚರಂಡಿ ಓಣಿ ಬಿಟ್ಟು ಮುಂದಿನ ದಾರಿಯಲ್ಲೇ ನಡೆದು ಬಂದು ಅತ್ತಿಗೆಯ ಕುರ್ಚಿಯ ಬೆನ್ನು ಹಿಡಿದು ನಿಂತ. ಹುಟ್ಟಿದ ಮೇಲೆ ಅವನು ಸರ್ಕಾರಕ್ಕೆ ಎದುರಾಗಿ ನಿಂತದ್ದು ಅದೇ ಮೊದಲು. ಬೀದಿಯ ತುದಿಯಲ್ಲಿ ಒಂದು ವ್ಯಾನು ಬಂದು ನಿಂತಿತು. ಅದರ ಇಂಜಿನ್ನು ಆರಲಿಲ್ಲ. ಅತ್ತಿಗೆ ಇನ್ನೊಂದು ಹಿಡಿ ಬಟಾಣಿ ಮಡಿಲಿಗೆ ಹಾಕಿಕೊಂಡಳು.