ಗಂಜಿ ಒಣಗುವವರೆಗೆ

ನಾನು ನಿಂತಿದ್ದದ್ದು ಹಿಂದೂಪುರದಲ್ಲಿ, ನಮ್ಮ ನೇಕಾರರ ಬೀದಿಯ ಪಡುವಣ ತುದಿಯಲ್ಲಿ, ಹಾಸಿನ ಹಗ್ಗ ಸುತ್ತಿದ ಗೂಟದ ಪಕ್ಕ. ತುರ್ತು ಪರಿಸ್ಥಿತಿ ಬಂದ ಮರುವರ್ಷ, ಯುಗಾದಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಬಿಸಿಲು ಇನ್ನೂ ಮನೆಗಳ ಮಾಡಿನಿಂದ ಬೀದಿಗೆ ಇಳಿದಿರಲಿಲ್ಲ. ಹಗ್ಗ ನನ್ನ ಬಲಗೈಯಲ್ಲಿತ್ತು. ಇಷ್ಟನ್ನು ಆಣೆ ಇಟ್ಟು ಹೇಳಬಲ್ಲೆ. ಮಿಕ್ಕದ್ದರಲ್ಲಿ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಅವನ್ನು ಬೀದಿಯುದ್ದಕ್ಕೂ ಬಿದಿರಿನ ಮೇಲೆ ಚಾಚಿ, ಗಂಜಿ ಹಚ್ಚಿ, ಇಬ್ಬರು ಎದುರುಬದುರಾಗಿ ದೊಡ್ಡ ಕುಂಚಗಳಿಂದ ತೀಡುತ್ತ ಹೋಗಬೇಕು. ಒಣಗುವ ತನಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿ ಹಾಸೇ ಹಾಳು. ತುದಿಯಲ್ಲಿ ಒಬ್ಬ ಹಗ್ಗ ಹಿಡಿದು, ಬಿಗಿಯಾದರೆ ಸಡಿಲಿಸಿ, ಜೋತರೆ ಎಳೆದು ಕಾಯಬೇಕು. ಹಾಸು ಚಾಚಿದ ಮನೆಗೆ ಬೀದಿಯ ಪ್ರತಿ ಮನೆಯಿಂದ ಒಂದು ಆಳು ಕರೆಯದೆ ಬರುತ್ತಿತ್ತು. ಚಾಚಿದ ಹಾಸನ್ನು ಯಾರೂ ದಾಟುತ್ತಿರಲಿಲ್ಲ. ಗಾಡಿ ಬಂದರೂ ಬೀದಿಯ ಬಾಯಲ್ಲೇ ನಿಲ್ಲುತ್ತಿತ್ತು.

ಆ ಬೆಳಿಗ್ಗೆ ಎದುರು ಮನೆಯವನೊಬ್ಬನೇ ಬಂದ. ಉಳಿದ ಮನೆಗಳ ಬಾಗಿಲು ಅರ್ಧ ತೆರೆದಿದ್ದವು. ಒಳಗೆ ಮಗ್ಗದ ಸದ್ದಿರಲಿಲ್ಲ.

ಕಾರಣ ಹಾಸಿನ ಯಜಮಾನ, ನನ್ನ ಚಿಕ್ಕಪ್ಪ. ಅವರು ಆಳುವ ಪಕ್ಷದ ಊರ ಕಾರ್ಯದರ್ಶಿ. ಒಮ್ಮೆ ಕೌನ್ಸಿಲರೂ ಆಗಿದ್ದವರು. ಪಕ್ಷಕ್ಕಾಗಿ ಮನೆಮನೆ ತಿರುಗಿ ಓಟು ಕೇಳುವುದರಲ್ಲಿ ಅವರಿಗೆ ಬೇಸರವೆಂಬುದೇ ಇರಲಿಲ್ಲ. ಹಿಂದಿನ ವಾರ ಕಲ್ಯಾಣದುರ್ಗದಲ್ಲಿ ಪಕ್ಷದವರ ಸಭೆಯಿತ್ತು. ಸಂಗಡ ಬಾ ಎಂದಿದ್ದಕ್ಕೆ ನಾನೂ ಹೋಗಿದ್ದೆ. ಇಪ್ಪತ್ತೆರಡು ವರ್ಷದವನು, ಬಾಗಿಲ ಹತ್ತಿರ ನಿಂತಿದ್ದೆ. ಸರ್ಕಾರ ವಿರೋಧ ಪಕ್ಷದವರನ್ನು ಜೈಲಿಗೆ ಹಾಕಿದ್ದಕ್ಕೆ ಅಭಿನಂದನೆಯ ಠರಾವು ಓದಿದರು. ಜೈಲಿಗೆ ಹೋದವರಲ್ಲಿ ಬೆಳುಗುಪ್ಪದ ಒಬ್ಬ ರೈತರಿದ್ದರು. ಪ್ರತಿ ಚುನಾವಣೆಯಲ್ಲೂ ಚಿಕ್ಕಪ್ಪನಿಗೆ ಎದುರಾಗಿ ಕೆಲಸ ಮಾಡುತ್ತಿದ್ದವರು, ಆದರೂ ಆ ಕಡೆ ಪ್ರಚಾರಕ್ಕೆ ಹೋದಾಗ ಚಿಕ್ಕಪ್ಪ ಮುದ್ದೆ ಉಣ್ಣುತ್ತಿದ್ದದ್ದು ಅವರ ಮನೆಯಲ್ಲೇ.

ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಚಿಕ್ಕಪ್ಪ ಕೈ ಎತ್ತದೆ ಎದ್ದು ನಿಂತರು. ಮೊದಲು ತೆಲುಗಿನಲ್ಲಿ ಶುರು ಮಾಡಿ, ಮಾತು ತಡವರಿಸಿ, ಕನ್ನಡಕ್ಕೆ ಬಂದುಬಿಟ್ಟರು.

"ಓಟು ಕೇಳೋಕೆ ಅಂತ ನಾನು ಈ ಪಾರ್ಟಿಗೆ ಬಂದೋನು. ಈಗ ಓಟೂ ಇಲ್ಲ, ಕೇಳಂಗೂ ಇಲ್ಲ. ಮಾತಾಡ್ದೋರನ್ನ ಒಳಕ್ಕೆ ಹಾಕಿದ್ದುಕ್ಕೆ ನಾನು ಕೈ ಎತ್ತಲ್ಲ. ಇವತ್ತಿಂದ ನಾನು ನಿಮ್ಮೋನಲ್ಲ."

ಅಧ್ಯಕ್ಷತೆ ವಹಿಸಿದ್ದವರು ನಕ್ಕು, "ಎಂಡ ತಗಿಲಿಂದೇಮಯ್ಯಾ?" ಎಂದರು. ಬಿಸಿಲು ತಲೆಗೇರಿತೇನಯ್ಯಾ ಎಂದು. ಕೆಲವರು ನಕ್ಕರು. ನಗು ನಿಂತ ಮೇಲೆ ಚಿಕ್ಕಪ್ಪ ಚಪ್ಪಲಿ ಹುಡುಕಿ ಹಾಕಿಕೊಂಡರು. ಹೊರಗೆ ಟೀ ಅಂಗಡಿಯಲ್ಲಿ ನಮ್ಮ ಪಕ್ಕ ಕೂತಿದ್ದ ಪರಿಚಯದವರು ಗ್ಲಾಸು ಹಿಡಿದುಕೊಂಡೇ ಎದ್ದು ಬೇರೆ ಬೆಂಚಿಗೆ ಹೋದರು. ನನಗೆ ಹೆದರಿಕೆ ಹತ್ತಿದ್ದು ಆಗ.

ಊರಿಗೆ ಬಂದ ಮೇಲೆ ಚಿಕ್ಕಮ್ಮ ಒಂದು ಚೀಲದಲ್ಲಿ ಪಂಚೆ, ಅಂಗಿ, ಲೋಟ ಹಾಕಿ ಬಾಗಿಲ ಹಿಂದೆ ನೇತುಹಾಕಿದರು. ಪೊಲೀಸರು ಬಂದಾಗ ಕೈಗೆ ಸಿಗಲಿ ಎಂದು. ಲೇಪಾಕ್ಷಿಯ ನೆಂಟರ ಮನೆಗೆ ಸ್ವಲ್ಪ ದಿನ ಹೋಗಿ ಎಂದು ನನ್ನಪ್ಪ ಹೇಳಿದರಂತೆ. ಮಗ್ಗ ಖಾಲಿ ಇದೆ, ಹಾಸು ಏರಿಸಿ ಹೋಯ್ತೀನಿ ಎಂದು ಚಿಕ್ಕಪ್ಪ ಹೇಳಿದರಂತೆ. ಈ ಮಾತು ನಾನು ಕಿವಿಯಾರೆ ಕೇಳಿದ್ದಲ್ಲ.

ನಾನಿದ್ದ ತುದಿಗೆ ಪೊಲೀಸ್ ಜೀಪು ಬಂದಾಗ ಗಂಜಿ ಹಚ್ಚಿ ಮುಗಿದಿತ್ತು, ಎಳೆ ಇನ್ನೂ ಪೂರ್ತಿ ಹಸಿ. ಡ್ರೈವರ್ ರೊದ್ದಂ ಕಡೆಯವನು. ಹಾಸು ಕಂಡ ಕೂಡಲೇ ಬ್ರೇಕು ಹಾಕಿದ. ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದವರು. ಮುಂದೆ ಹೋಗು ಎಂದರು. ಡ್ರೈವರ್ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತ. ಅವರು ಇಳಿದು ಬಂದು, ಹಾಸಿನ ಈ ಬದಿಯಿಂದಲೇ ಚಿಕ್ಕಪ್ಪನ ಹೆಸರು ಹಿಡಿದು ಕೂಗಿದರು.

ಚಿಕ್ಕಪ್ಪ ಕುಂಚ ಬಿಡಲಿಲ್ಲ. ಗಂಜಿ ಹಸಿಯಿದೆ, ಒಣಗಿದ ಮೇಲೆ ನಾನೇ ಬಂದು ಜೀಪು ಹತ್ತುತ್ತೇನೆ ಎಂದು ತೆಲುಗಿನಲ್ಲಿ ಹೇಳಿದರು. ದನಿ ಗಟ್ಟಿಯಾಗಿತ್ತೋ ನಡುಗುತ್ತಿತ್ತೋ, ನನಗೆ ಅನುಮಾನ. ಇನ್ಸ್‌ಪೆಕ್ಟರ್ ಹಾಸನ್ನೊಮ್ಮೆ ನೋಡಿದರು, ಅರ್ಧ ತೆರೆದ ಬಾಗಿಲುಗಳನ್ನೊಮ್ಮೆ ನೋಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು, ನೀನು ಅವನಿಗೆ ಏನಾಗಬೇಕು ಎಂದು ಕೇಳಿದರು. ಅಣ್ಣನ ಮಗ ಎಂದೆ. ಅವರು ಹಗ್ಗದ ಮೇಲೆ, ನನ್ನ ಕೈಗೆ ತಾಗುವಂತೆ ತಮ್ಮ ಕೈಯಿಟ್ಟು, ಅವನು ಓಡಿದರೆ ಅವನ ಬದಲು ನೀನು ಬರಬೇಕಾಗುತ್ತದೆ ಎಂದರು. ಬೆದರಿಸುವ ದನಿಯಲ್ಲ. ಬಸ್ಸಿನ ಹೊತ್ತು ಹೇಳುವಂತೆ ಹೇಳಿದರು.

ಬೀದಿಯ ಮೂಡಣ ತುದಿಯಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಒಂದು ಸಂದಿ ದಾಟಿದರೆ ಸಂತೆ ಮೈದಾನ, ಮೈದಾನ ದಾಟಿದರೆ ಬಸ್ ಸ್ಟ್ಯಾಂಡು. ತೀಡುತ್ತ ತೀಡುತ್ತ ಚಿಕ್ಕಪ್ಪ ಆ ತುದಿಗೆ ಹೋಗುತ್ತಿದ್ದರು, ತಿರುಗಿ ನಮ್ಮ ಕಡೆ ಬರುತ್ತಿದ್ದರು. ಪ್ರತಿ ಸಲ ಆ ಕಡೆ ಹೋದಾಗ ನನ್ನ ಅಂಗೈ ಬೆವತು ಹಗ್ಗ ಜಾರುತ್ತಿತ್ತು. ಒಂದು ಸಲ ಅಲ್ಲಿ ಅವರು ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಎದುರು ಮನೆಯವನ ತುಟಿ ಆಡಿದ್ದು ಕಂಡಿತು. ಮಾತು ಕೇಳಿಸಲಿಲ್ಲ. ಅದನ್ನು ಅವನೇ ಆಮೇಲೆ ಹೇಳಿದ್ದು:

"ಹೋಗ್ಬುಡಣ್ಣ. ನಾನೊಬ್ನೇ ತೀಡ್ಕತೀನಿ."

"ನೀನೊಬ್ನೇ ತೀಡಿದ್ರೆ ಅದು ಸೀರೆ ಆಗಲ್ಲ ಕಣ್ಲಾ, ಮೀನಿನ ಬಲೆ ಆಯ್ತದೆ."

"ತಮಾಷೆ ಬ್ಯಾಡಣ್ಣ. ಜೈಲು ಅದು."

"ಆ ತುದೀಲಿ ನಮ್ಮ ಹುಡುಗನ ಕೈ ಹಿಡ್ಕೊಂಡವ್ನೆ, ನೋಡ್ದಾ? ಕುಂಚ ಎತ್ತು."

ಕುಂಚ ಎತ್ತಿದರು. ನಮ್ಮ ಕಡೆ ಬಂದರು.

ಬಿಸಿಲು ಬೀದಿಗೆ ಇಳಿಯಿತು. ಎಳೆಗಳು ಒಂದೊಂದಾಗಿ ಬಿಡಿಸಿಕೊಂಡು ಬೆಳ್ಳಗಾದವು. ಚಿಕ್ಕಪ್ಪ ಕೈಯ ಬೆನ್ನನ್ನು ಹಾಸಿನ ಮೇಲೆ ಆಡಿಸಿ ನೋಡಿ, ಸುತ್ತಿಬಿಡಿ ಎಂದರು. ಗಂಜಿ ಮೆತ್ತಿದ ಕೈ ತೊಳೆದುಕೊಂಡರು. ಚಿಕ್ಕಮ್ಮ ಚೀಲ ಕೊಟ್ಟರು. ಆಗ ಇನ್ಸ್‌ಪೆಕ್ಟರ್ ನನ್ನ ಪಕ್ಕದಿಂದ ಸರಿದರು. ಜೀಪು ತಿರುಗಲು ಜಾಗವಿರಲಿಲ್ಲ. ಹಿಂದಕ್ಕೇ ಹೋಯಿತು. ಹಾಗಾಗಿ ಚಿಕ್ಕಪ್ಪ ದೊಡ್ಡ ರಸ್ತೆ ಸೇರುವವರೆಗೂ ನಮ್ಮ ಕಡೆ ಮುಖ ಮಾಡಿಯೇ ಕೂತಿದ್ದರು.

ಮರುವರ್ಷ ಚುನಾವಣೆ ಎಂದಾಗ ಅವರನ್ನು ಬಿಟ್ಟರು. ಬೆಳುಗುಪ್ಪದವರೂ ಅದೇ ವಾರ ಹೊರಗೆ ಬಂದರು. ಕಲ್ಯಾಣದುರ್ಗದಿಂದ ಹಳೆಯ ಪಕ್ಷದವರು ಎರಡು ಸಲ ಬಂದು ಕರೆದರೂ ಚಿಕ್ಕಪ್ಪ ಹೋಗಲಿಲ್ಲ. ಆಮೇಲೆ ಯಾವ ಪಕ್ಷಕ್ಕೂ ಸೇರಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು. ಇನ್ಸ್‌ಪೆಕ್ಟರ್ ಎಲ್ಲಿದ್ದಾರೋ ತಿಳಿಯದು.

ಆ ಬೆಳಿಗ್ಗೆಯನ್ನು ಕಂಡವರಲ್ಲಿ, ನನಗೆ ತಿಳಿದಂತೆ, ಈಗ ಉಳಿದಿರುವವರು ನನ್ನನ್ನು ಬಿಟ್ಟು ಮೂವರು. ಚಿಕ್ಕಮ್ಮ ಇದ್ದಾರೆ. ಕೇಳಿದರೆ, ಒಣಗುವ ತನಕ ಕಾದರಲ್ಲ, ಅದೇ ಅವರ ಪುಣ್ಯ ಎಂದಷ್ಟೇ ಹೇಳುತ್ತಾರೆ. ಎದುರು ಮನೆಯವನು ಇದ್ದಾನೆ. ಇದನ್ನು ಅವನಿಗೆ ಓದಿ ಹೇಳಿದ್ದೇನೆ, ಸರಿ ಎಂದಿದ್ದಾನೆ. ರೊದ್ದಂ ಕಡೆಯ ಆ ಡ್ರೈವರ್ ಇದ್ದಾನೆ, ರಿಟೈರ್ ಆಗಿ ಊರಲ್ಲೇ ಇದ್ದಾನೆ. ಹೋದ ತಿಂಗಳು ಅವನ ಮನೆಗೆ ಹೋಗಿ ಕೂತಿದ್ದೆ. ಎಲ್ಲ ನೆನಪಿದೆ ಎಂದ. ಆಮೇಲೆ ಎದ್ದು, ಬೀದಿ ಬಾಗಿಲು ಮುಂದಕ್ಕೆ ಮಾಡಿ, ನನ್ನ ಹತ್ತಿರ ಬಗ್ಗಿ, "ನನ್ನ ಹೆಸರು ಮಾತ್ರ ಬರೀಬ್ಯಾಡ ಕಣಪ್ಪ" ಎಂದ.