ಒತ್ತುಗಲ್ಲು

ಯಲಹಂಕದಾಚೆಯ ನಮ್ಮೂರಿನಲ್ಲಿ ಶಾಲೆಗೊಂದು, ಸುಗ್ಗಿಗೊಂದು ಎಂದು ಎರಡು ಬಯಲಿರಲಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ನಾವು ಆಡುವ ಜಾಗವನ್ನೇ ಸಗಣಿಯಿಂದ ಸಾರಿಸಿ ರಾಗಿಯ ಕಣ ಮಾಡುತ್ತಿದ್ದರು. ತೆನೆಯ ಮೇಲೆ ಎತ್ತುಗಳು ಎಳೆಯುವ ರೋಣಗಲ್ಲು, ಮೊಣಕಾಲೆತ್ತರದ ಉರುಳುಗಲ್ಲು, ಒಕ್ಕಣೆ ಮುಗಿದ ಮೇಲೂ ಬಯಲಂಚಿನ ಇಳಿಜಾರಿನಲ್ಲೇ ಇರುತ್ತಿತ್ತು. ಪೂಜೆ ಮಾಡಿ ಇಟ್ಟದ್ದನ್ನು ಮುಂದಿನ ಸುಗ್ಗಿಯವರೆಗೆ ಕದಲಿಸಬಾರದೆಂದು ನಂಬಿಕೆ. ಉರುಳದಿರಲೆಂದು ಅದರ ಕೆಳಗೆ ಒಂದು ಚಪ್ಪಟೆ ಒತ್ತುಗಲ್ಲು ಇಡುತ್ತಿದ್ದರು, ಅಷ್ಟೇ.

ನಮ್ಮ ಮೇಷ್ಟ್ರು ಒಮ್ಮೆ ಕಲ್ಲಿನ ಯಜಮಾನರನ್ನು ಕೇಳಿದ್ದರು. "ಮಕ್ಳು ಆಡೋ ಜಾಗ, ಬೇರೆ ಕಡೆ ಇಡ್ಸಿ."

"ಪೂಜೆ ಮಾಡಿದ್ ಕಲ್ಲು ಮೇಷ್ಟ್ರೇ, ಇಂಗೇ ಇರ್ಲಿ. ಒತ್ತು ಕೊಟ್ಟಿವ್ನಿ, ಎಲ್ಲಿಗ್ ಓಯ್ತದೆ?" ಎಂದರು ಯಜಮಾನರು. ಮೇಷ್ಟ್ರು ಸುಮ್ಮನಾದರು.

ನಾನಾಗ ನಾಲ್ಕನೇ ತರಗತಿ. ಕುಂಟೆಬಿಲ್ಲೆ ಎಂದರೆ ಪ್ರಾಣ. ಆ ಒತ್ತುಗಲ್ಲು ಅಂಗೈಯಗಲ, ನುಣ್ಣಗೆ, ಎಸೆದ ಮನೆಯಲ್ಲೇ ಕೂರುವಂಥದು. ಒಂದು ಮಧ್ಯಾಹ್ನ ಬಿಲ್ಲೆಗೆಂದು ಅದನ್ನು ಅಲ್ಲಾಡಿಸಿ ಎಳೆದುಕೊಂಡೆ. ಮಣ್ಣು ಕಚ್ಚಿ ಕೂತಿದ್ದ ರೋಣಗಲ್ಲು ಆಗ ಕದಲಲಿಲ್ಲ. ಕದಲಿ ನನ್ನ ಕೈಯೇ ಹೋಗಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಾನು ಮೂರನೇ ಮನೆಯಲ್ಲಿ ಕುಂಟುತ್ತಿದ್ದಾಗ ಇಬ್ಬರು ಮಕ್ಕಳು ಹಾರಿ ರೋಣಗಲ್ಲಿನ ಮೇಲೆ ಕೂತರು. ಅದರ ಕೆಳಬದಿಯಲ್ಲಿ ನನ್ನ ಗೆಳತಿ ನೆಲಕ್ಕೆ ಕೈಯೂರಿ ಕೂತು ಆಟ ನೋಡುತ್ತಿದ್ದಳು. ಕಲ್ಲು ಉರುಳಿತು. ಅವಳು ಕಿರುಚಲಿಲ್ಲ, ಕಿರುಚಿದವರು ಉಳಿದವರು. ಎತ್ತಿನ ಗಾಡಿಯಲ್ಲಿ ಯಲಹಂಕದ ಆಸ್ಪತ್ರೆಗೆ ಒಯ್ದರು. ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಒತ್ತು ತೆಗೆದವರು ಯಾರೆಂದು ಊರೆಲ್ಲ ವಿಚಾರಿಸಿತು. ನಾನು ಬಾಯಿ ಬಿಡಲಿಲ್ಲ. ಬಿಲ್ಲೆಯನ್ನು ಬಾವಿಗೆ ಹಾಕಿ, ಮನೆಗೆ ಹೋಗಿ ಏನೂ ಆಗದವಳ ಹಾಗೆ ಉಂಡೆ. ಎಂಥ ಹೇಡಿ ನಾನು!

ಮರುದಿನ ಮೇಷ್ಟ್ರು ಎಲ್ಲರೆದುರು, "ತಪ್ಪು ನಂದು. ಒಂದ್ಸಲ ಕೇಳಿ ಸುಮ್ನಾಗ್ಬಾರ್ದಿತ್ತು," ಎಂದರು. ಯಜಮಾನರು ಎತ್ತು ಕಟ್ಟಿ ಕಲ್ಲನ್ನು ಎಳೆಸಿಕೊಂಡು ಹೋದರು. ಅಂದಿನಿಂದ ಮೇಷ್ಟ್ರು ದಿನಾ ಪ್ರಾರ್ಥನೆಗೆ ಮುಂಚೆ ಬಯಲನ್ನು ಒಂದು ಸುತ್ತು ನಡೆದು ಗಾಜು, ಮುಳ್ಳು, ಚೂಪುಗಲ್ಲು ಆರಿಸತೊಡಗಿದರು. ಅವರ ಬಗ್ಗಿದ ಬೆನ್ನು ಕಂಡರೆ ನನಗೆ ಪ್ರಾರ್ಥನೆಯ ಪದಗಳೇ ಮರೆಯುತ್ತಿದ್ದವು.

ಮುಂದೆ ಅದೇ ಶಾಲೆಗೆ ನಾನೇ ಮೇಡಂ ಆಗಿ ಬಂದೆ. ಬೆಳಗಿನ ಸುತ್ತು ನನ್ನ ಪಾಲಿಗೆ ಬಂತು. ಒಂದು ದಿನ ಗೆಳತಿ ತನ್ನ ಮಗಳನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ತಡೆಯಲಾಗದೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ.

"ಗೊತ್ತು ಕಣೆ," ಅಂದಳು. "ನೀನ್ ಕಲ್ಲು ಎಳ್ಕೊಳ್ಳೋದು ನೋಡ್ತಾನೇ ಇದ್ದೆ. ನೀನು ಔಟಾದ್ರೆ ಆ ಬಿಲ್ಲೇಲಿ ನಾನ್ ಆಡ್ಬೇಕು ಅಂತಾನೇ ಅಲ್ಲಿ ಕಾಯ್ತಾ ಕೂತಿದ್ದೆ."

ಅವಳು ಮೂರು ಬೆರಳಿನ ಕೈಯಿಂದ ಮಗಳ ಕೈ ಬಿಡಿಸಿ ನನ್ನ ಕೈಗೆ ಕೊಟ್ಟು, ಹಿಂದಿರುಗಿ ನೋಡದೆ ಹೋದಳು. ಆ ಬೆಳಿಗ್ಗೆ ಮಗುವಿನ ಕೈ ಹಿಡಿದುಕೊಂಡೇ ಬಯಲನ್ನು ಇನ್ನೊಂದು ಸುತ್ತು ಹಾಕಿದೆ.